ಬಾಬಿನ್ ಗಂಟೆಯ ಪರೀಕ್ಷಕಿ

ನನ್ನ ಮಗಳಿಗೆ ಮನೆಯಲ್ಲಿ ತಕರಾರು ಎಂದೇ ಹೆಸರು. ಇಟ್ಟವಳು ನಾನೇ. ಏಳು ವರ್ಷದವಳಿದ್ದಾಗ ನಾನು ಹೊಲಿದ ಹೊಸ ಫ್ರಾಕು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ಎಡಗಡೆಯ ಅಂಚು ಬಲಗಡೆಗಿಂತ ಉದ್ದವಾಗಿದೆ ಎಂದಳು. ಅಷ್ಟು ಹೊತ್ತಿಗೆ ಹತ್ತು ವರ್ಷ ಊರವರಿಗೆಲ್ಲ ಹೊಲಿದುಕೊಟ್ಟ ಕೈ ನನ್ನದು. ಸಿಟ್ಟಿನಿಂದ ಟೇಪು ಹಿಡಿದು ಅಳೆದೆ. ಒಂದು ನೂಲಿನಷ್ಟು ಉದ್ದವಾಗಿಯೇ ಇತ್ತು. ಇವಳನ್ನು ಕಟ್ಟಿಕೊಳ್ಳುವವನ ಗತಿಯೇನು ಎಂದು ಅವತ್ತೇ ಅಂದುಕೊಂಡೆ. ಈಗ ಇಪ್ಪತ್ತೊಂಬತ್ತಾಗಿದೆ, ಅಂಥ ಧೈರ್ಯವಂತ ಇನ್ನೂ ಸಿಕ್ಕಿಲ್ಲ, ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿದರೆ ಸಂಬಳ ಕೊಡುತ್ತಾರೆ ಎಂದರೆ ಇವಳಿಗೆ ಬೇರೆ ಸ್ವರ್ಗ ಬೇಕೆ? ಹಾಗಂದುಕೊಂಡು ನಾನು ನೆಮ್ಮದಿಯಾಗಿದ್ದೆ. ಅಷ್ಟರಲ್ಲಿ ಸರ್ಕಾರ ಪೇಟೆಂಟ್ ಪರೀಕ್ಷಕರ ಹುದ್ದೆಗೆ ಅರ್ಜಿ ಕರೆಯಿತು. ಯಾರಾದರೂ ಹೊಸದೊಂದನ್ನು ಕಂಡುಹಿಡಿದೆ, ಇದು ನನ್ನದು ಎಂದು ಬರೆದುಕೊಟ್ಟರೆ, ಅದು ನಿಜವಾಗಿ ಹೊಸದೋ, ಲೋಕದಲ್ಲಿ ಮೊದಲೇ ಯಾರಾದರೂ ಮಾಡಿಟ್ಟಿದ್ದಾರೋ ಎಂದು ಹುಡುಕಿ ಹೇಳುವ ಕೆಲಸ. ತಕರಾರು ತೆಗೆಯುವುದಕ್ಕೇ ಒಂದು ಕುರ್ಚಿ, ಮೇಲೊಂದು ಫ್ಯಾನು. ಬರೆಯುವ ಪರೀಕ್ಷೆಯನ್ನು ಒಂದೇ ಸಲಕ್ಕೆ ಪಾಸು ಮಾಡಿದಳು. ಸಂದರ್ಶನ ಉಳಿಯಿತು.

ಇಲ್ಲಿ ನಮ್ಮನೆಯವರ ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವರದು ಪಕ್ಕದ ಬೀದಿಯಲ್ಲಿ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿಯ ಅಂಗಡಿ. ಹೊಲಿಯುವವರಿಗೆಲ್ಲ ಒಂದು ಸಂಕಟ ಉಂಟು. ಬಾಬಿನ್ ಎಂಬ ಪುಟ್ಟ ಉರುಳೆಗೆ ಸುತ್ತಿದ ಕೆಳದಾರ ಮಷೀನಿನ ಹೊಟ್ಟೆಯೊಳಗೆ ಕಣ್ಣಿಗೆ ಕಾಣದಂತೆ ಮುಗಿದುಹೋಗಿರುತ್ತದೆ, ನಾವು ಮಾತ್ರ ದಾರವಿಲ್ಲದ ಹೊಲಿಗೆಯನ್ನು ಮೊಳಗಟ್ಟಲೆ ಹಾಕುತ್ತಲೇ ಇರುತ್ತೇವೆ. ಹೀಗೆ ನಾನು ಬೈದುಕೊಳ್ಳುವುದನ್ನು ಕೇಳಿ ಕೇಳಿ ಅವರು ಒಂದು ಬೇಸಿಗೆಯಿಡೀ ಕೂತು ಒಂದು ಗಂಟೆ ಮಾಡಿದರು. ಸಣ್ಣದೊಂದು ಕಡ್ಡಿ ಒಂದು ಸೀಳಿನಲ್ಲಿ ತೂರಿ ಬಾಬಿನ್ನಿನ ದಾರದ ಮೇಲೆ ಒರಗಿರುತ್ತದೆ. ದಾರ ಕರಗಿದಂತೆ ಕಡ್ಡಿ ಇಳಿಯುತ್ತದೆ. ಇನ್ನು ನಾಲ್ಕು ಸುತ್ತು ಇದೆ ಎನ್ನುವಾಗ ಟಿಂಗ್ ಎನ್ನುತ್ತದೆ. ಮೊದಲ ದಿನ ಆ ಸದ್ದಿಗೆ ಬೆಚ್ಚಿ ಸೂಜಿಯನ್ನು ಬೆರಳಿಗೇ ಇಳಿಸಿಕೊಂಡೆ. ಮರುದಿನ ಹಳೆಯ ಕಂಬಳಿಯ ಒಂದು ಬಿಲ್ಲೆ ಕತ್ತರಿಸಿ ಗಂಟೆಗೆ ಅಂಟಿಸಿದರು. ಆಮೇಲೆ ಸದ್ದು ಪಿಸುಮಾತಿನಷ್ಟಾಯಿತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಪೇಟೆಂಟಿಗೆ ಅರ್ಜಿ ಹಾಕಿದರು. ಹಾಕಿ ಬಂದ ದಿನವೇ ಅಂಗಡಿಯ ಗೋಡೆಗೆ, ಪ್ರಮಾಣಪತ್ರ ತೂಗುಹಾಕಲು ಒಂದು ಮೊಳೆ ಹೊಡೆದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ಮೂರು ವರ್ಷವಾದರೂ ಆಫೀಸಿನಿಂದ ಚಕಾರವಿಲ್ಲ, ಪರೀಕ್ಷಕರು ಸಾಲದಂತೆ. ಪಕ್ಕದ ಔಷಧಿ ಅಂಗಡಿಯವರು ಬಂದಾಗಲೆಲ್ಲ ಬರಿ ಮೊಳೆಯನ್ನು ನೋಡಿ ನಗುತ್ತಿದ್ದರು. ಈಗ ಮಗಳೇ ಪರೀಕ್ಷಕಿಯಾಗುತ್ತಾಳೆಂದರೆ ಕೇಳಬೇಕೆ? ಮನೆಯ ಗಂಟೆಗೆ ಮನೆಯದೇ ಸಹಿ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಅಪ್ಪನ ಅರ್ಜಿಯನ್ನು ಮಗಳ ಕೈಗೆ ಕೊಡುವುದಿಲ್ಲ ಎಂದು ಇವಳು ಹತ್ತು ಸಲ ಹೇಳಿದಳು. ಅದು ಅವರ ಕಿವಿಗೆ ಹೋಗಲೇ ಇಲ್ಲ.

ಸಂದರ್ಶನಕ್ಕೆ ತಯಾರಿ ಎಂದು ಇವಳು ಹಳೆಯ ಪೇಟೆಂಟು ಕಾಗದಗಳನ್ನು ಹುಡುಕುವ ಅಭ್ಯಾಸ ಶುರುಮಾಡಿದಳು. ಯಾವುದಾದರೂ ಒಂದನ್ನು ಹಿಡಿದು ಹುಡುಕಬೇಕಲ್ಲ, ಅಪ್ಪನ ಗಂಟೆಯನ್ನೇ ಹಿಡಿದಳು. ಪ್ರಪಂಚದಲ್ಲಿ ಬೇರೆ ವಸ್ತುವೇ ಇರಲಿಲ್ಲವೇ ಎಂದು ನನಗೆ ಇಂದಿಗೂ ಅನಿಸುತ್ತದೆ. ನಾಲ್ಕನೆಯ ದಿನ ನನ್ನ ಮಷೀನಿನ ಬಳಿ ಬಂದು ಫೋನು ಮುಂದೆ ಹಿಡಿದಳು. ಯಾವುದೋ ದೂರದೇಶದವನು ಮೂವತ್ತೆಂಟು ವರ್ಷದ ಹಿಂದೆ ಬರೆದ ಚಿತ್ರ. ಅದೇ ಕಡ್ಡಿ, ಅದೇ ಸೀಳು, ಅದೇ ಗಂಟೆ. ಕಡ್ಡಿಯ ತುದಿಯ ಬಾಗು ಕೂಡ ಅದೇ.

ಅದನ್ನು ಮುಚ್ಚು ಎಂದೆ. ಅಪ್ಪನಿಗೆ ಉಸಿರೆತ್ತಬೇಡ, ಆಫೀಸಿನವರು ಇನ್ನು ಹತ್ತು ವರ್ಷ ಆ ಕಾಗದ ಮುಟ್ಟುವುದಿಲ್ಲ, ಅಲ್ಲಿಯ ತನಕ ಆ ಮನುಷ್ಯ ಸುಖವಾಗಿರಲಿ ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು, ಇವರದಂತೂ ಹೆಗ್ಗಣವೂ ಅಲ್ಲ, ದಿನಾ ಕೆಲಸ ಮಾಡುವ ಗಂಟೆ. ಅವಳು ಫೋನು ತೆಗೆದುಕೊಂಡು ಕೋಣೆಗೆ ಹೋದಳು.

ಸಂದರ್ಶನಕ್ಕೆ ನಾನೂ ಜೊತೆಗೆ ಹೋಗಿದ್ದೆ. ಉದ್ದನೆಯ ಓಣಿ, ಗೋಡೆಗೆ ಒತ್ತಿದ ಕಬ್ಬಿಣದ ಕುರ್ಚಿಗಳು, ಕೆಟ್ಟು ನಿಂತ ನೀರಿನ ಮಷೀನು. ಪಕ್ಕದಲ್ಲಿ ಕೂತ ಹುಡುಗ ಕಾಯಿದೆಯ ಕಲಮುಗಳನ್ನು ಬಾಯಿಪಾಠ ಒಪ್ಪಿಸುತ್ತ ಬೆವರುತ್ತಿದ್ದ. ಇವಳು ನೀರಿನ ಮಷೀನಿನ ನಲ್ಲಿಯನ್ನು ತಿರುಗಿಸಿ ನೋಡುತ್ತಿದ್ದಳು. ಒಳಗೆ ಮುಕ್ಕಾಲು ಗಂಟೆ. ಹೊರಗೆ ಬಂದವಳ ಮುಖದಲ್ಲಿ ಗೆದ್ದ ಕಳೆಯೂ ಇಲ್ಲ, ಸೋತ ಕಳೆಯೂ ಇಲ್ಲ. ಬಸ್ಸು ಹತ್ತಿ ಸೀಟು ಸಿಕ್ಕ ಮೇಲೆ ಬಾಯಿಬಿಟ್ಟಳು.

ಮೇಜಿನ ಆಚೆ ನಾಲ್ಕು ಜನ. ಬಾಟಲಿಯ ಮುಚ್ಚಳವೊಂದನ್ನು ಕೊಟ್ಟು ಇದನ್ನು ಕಂಡಿರದವರಿಗೆ ವಿವರಿಸಿ ಎಂದರಂತೆ. ಅದನ್ನು ಸಲೀಸಾಗಿ ಮುಗಿಸಿದಳು. ಆಮೇಲೆ ಅಧ್ಯಕ್ಷೆ ಇವಳೇ ತುಂಬಿದ ನಮೂನೆಯನ್ನು ತಿರುವಿದರು. ಈ ಆಫೀಸಿನಲ್ಲಿ ಸಂಬಂಧಿಕರ ಅರ್ಜಿ ಬಾಕಿ ಇದೆಯೇ ಎಂಬಲ್ಲಿ ಇವಳು ‘ಹೌದು, ತಂದೆಯದು’ ಎಂದು ಬರೆದಿದ್ದಳು. ಅದು ಹೊಸದೇ ಎಂದು ಅವರು ಕೇಳಿದರು. ಇಲ್ಲ, ಹುಡುಕಿ ನೋಡಿದ್ದೇನೆ ಎಂದಳು ಇವಳು. ತಂದೆಗೆ ಹೇಳಿದ್ದೀರಾ ಎಂದು ಕೇಳಿದರು. ಇಲ್ಲ ಎಂದಳು. ಹಾಗಾದರೆ ಬೇರೆಯವರಿಗೆ ಹೇಗೆ ಹೇಳುತ್ತೀರಿ ಎಂದರಂತೆ ಅಧ್ಯಕ್ಷೆ, ಕನ್ನಡಕ ತೆಗೆದಿಟ್ಟು.

"ನೀನೇನಂದೆ?"

"ನಿಮ್ಮ ರಿಸಲ್ಟ್ ಬರೋದ್ರೊಳಗೆ ಅಪ್ಪಂಗೆ ಹೇಳಿರ್ತೀನಿ ಅಂದೆ ಅಮ್ಮ. ಅವರು ಏನೋ ಬರ್ಕೊಂಡ್ರು."

ಹಾಳಾದವಳು. ನಾಲಿಗೆ ಕಚ್ಚಿಕೊಂಡು ಬರುವುದು ಬಿಟ್ಟು ಮಾತು ಕೊಟ್ಟು ಬಂದಿದ್ದಳು. ಅವರೇನು ಮನೆಗೆ ಬಂದು ನೋಡುತ್ತಾರೆಯೇ, ಹೇಳಿದ್ದೇನೆ ಅಂದುಕೊಂಡರಾಯಿತು ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ನಾನು ಕಿಟಕಿಯ ಕಡೆ ತಿರುಗಿದೆ.

ಅಲ್ಲಿಂದ ಶುರುವಾಯಿತು ನೋಡಿ. ಜೊತೆಗೆ ಸಂದರ್ಶನ ಕೊಟ್ಟವರೆಲ್ಲ ಫಲಿತಾಂಶ ಬೇಗ ಬರಲಿ ಎಂದು ಹಂಬಲಿಸಿದರೆ, ಇವತ್ತೊಂದು ದಿನ ಬರದಿರಲಿ ಎಂದು ಹಾರೈಸಿದ ಅಭ್ಯರ್ಥಿ ಇವಳೊಬ್ಬಳೇ ಇರಬೇಕು. ಬೆಳಿಗ್ಗೆ ಎದ್ದು ವೆಬ್‌ಸೈಟು ತೆರೆದು, ಪಟ್ಟಿ ಇಲ್ಲವೆಂದು ಕಂಡು, ಹಲ್ಲುಜ್ಜಲು ಹೋಗುವಳು. ನಮ್ಮನೆಯವರು ಅವಳ ಹಿಂದೆಯೇ ಇಣುಕಿ, ಇನ್ನೂ ಇಲ್ಲವೇ ಎಂದು ಪೆಚ್ಚಾಗುವರು. ಸಂಜೆ ಅಪ್ಪನ ಎದುರು ಕೂತು ಗಂಟಲು ಸರಿಮಾಡಿಕೊಳ್ಳುವಳು. ಕೆಮ್ಮೇ ಎಂದು ಅವರು ಬಿಸಿನೀರು ಕಾಯಿಸಿ ತರುವರು. ಬಿಸಿನೀರು ತಂದುಕೊಟ್ಟವರಿಗೆ ಅಂಥ ಮಾತು ಹೇಳುವುದು ಹೇಗೆ? ಲೋಟ ಖಾಲಿ ಮಾಡಿ ಎದ್ದುಹೋಗುವಳು. ತಿಂಗಳಲ್ಲಿ ಇವಳು ಕುಡಿದ ಬಿಸಿನೀರಿಗೆ ಲೆಕ್ಕವಿಲ್ಲ.

ಮೂವತ್ತನಾಲ್ಕನೆಯ ದಿನ, ಮುಂದಿನ ವಾರ ಪಟ್ಟಿ ಬರಬಹುದೆಂದು ಸುದ್ದಿ ಹಬ್ಬಿತು. ಮಾರನೆಯ ದಿನ ಇವಳು ರಜೆ ಹಾಕಿ ಕೋಣೆಯ ಬಾಗಿಲು ಹಾಕಿಕೊಂಡಳು. ಮಧ್ಯಾಹ್ನ ಅಪ್ಪನ ಅಂಗಡಿಯ ವಿಳಾಸ ಬರೆದ ಲಕೋಟೆ ಹಿಡಿದು ಅಂಚೆಕಚೇರಿಗೆ ಹೋದಳು. ಒಂದೇ ಮನೆಯಲ್ಲಿದ್ದುಕೊಂಡು ಅಪ್ಪನಿಗೆ ಅಂಚೆ ಹಾಕುವ ಮಗಳನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿರಲಿಲ್ಲ.

ಎರಡು ದಿನ ಬಿಟ್ಟು ನಮ್ಮನೆಯವರು ಮಧ್ಯಾಹ್ನವೇ ಅಂಗಡಿ ಮುಚ್ಚಿ ಬಂದರು. ಕಾಗದವನ್ನು ನನ್ನ ಮುಂದಿಟ್ಟು ಮುಖ ತೊಳೆಯಲು ಹೋದರು. ಮಾನ್ಯ ಅರ್ಜಿದಾರರೇ ಎಂದು ಶುರುವಾಗಿತ್ತು. ಅವರು ‘ನನ್ನದು’ ಎಂದು ಹಕ್ಕು ಕೇಳಿದ ಆರು ಅಂಶಗಳನ್ನೂ ಒಂದೊಂದಾಗಿ ಹಿಡಿದಿದ್ದಳು. ಒಂದು, ಕಡ್ಡಿ: ಹೊಸದಲ್ಲ, ಇಂಥ ಕಾಗದದ ಇಂಥ ಚಿತ್ರ ನೋಡಿ. ಎರಡು, ಸೀಳು: ಹೊಸದಲ್ಲ. ಹಾಗೆ ಐದೂ ಹೋದವು. ಆರನೆಯದು ಕಂಬಳಿಯ ಬಿಲ್ಲೆ. ‘ಹೊಲಿಯುವವರು ಬೆಚ್ಚಬಾರದೆಂದು ಗಂಟೆಗೆ ಕಂಬಳಿ ಅಂಟಿಸಿದ್ದು ನನಗೆ ಹಳೆಯ ಯಾವ ಕಾಗದದಲ್ಲೂ ಸಿಗಲಿಲ್ಲ. ಪೇಟೆಂಟಿಗೆ ಇದೊಂದೇ ಸಾಲದು ಎಂದು ನನ್ನ ಅನಿಸಿಕೆ. ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಬಾಯಿಂದ ಹೇಳಲು ಆಗಲಿಲ್ಲ ಅಪ್ಪ, ಕ್ಷಮಿಸು.’ ಕೆಳಗೆ ಸಹಿ, ದಿನಾಂಕ.

ಮುಖ ತೊಳೆದು ಬಂದವರು ಸ್ಕ್ರೂಡ್ರೈವರ್ ತೆಗೆದುಕೊಂಡು ನನ್ನ ಮಷೀನಿನಿಂದ ಗಂಟೆ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಮೂರು ದಿನ ಮನೆಯಲ್ಲಿ ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಡುವೆ ನಾನು, ಅತ್ತ ದರಿ ಇತ್ತ ಪುಲಿ. ಮೂರನೆಯ ದಿನ ಯಾರದೋ ಕಿಟಕಿ ಪರದೆ ಹೊಲಿಯುತ್ತಿದ್ದೆ. ಮೇಲಿನಿಂದ ಕೆಳಗಿನ ತನಕ ಹೊಲಿದು ಎತ್ತಿ ನೋಡಿದರೆ ಬರೀ ತೂತು, ದಾರವೇ ಇಲ್ಲ. ನನಗೆ ರೇಗಿಹೋಯಿತು. ಪರದೆಯನ್ನು ಹಾಗೇ ತೆಗೆದುಕೊಂಡು ಹೋಗಿ ಊಟಕ್ಕೆ ಕೂತವರ ಮುಂದೆ ಹಿಡಿದೆ.

"ರೀ, ನನ್ನ ಗಂಟೆ ಕೊಡಿ. ಆ ಪುಣ್ಯಾತ್ಮ ಮೂವತ್ತೆಂಟು ವರ್ಷದ ಹಿಂದೆ ಮಾಡಿದ್ದಿರಬಹುದು. ನನಗೆ ಮಾಡಿಕೊಟ್ಟಿದ್ದು ಅವನಲ್ಲ, ನೀವು."

ತುತ್ತು ಹಿಡಿದ ಅವರ ಕೈ ತಟ್ಟೆಯಲ್ಲೇ ನಿಂತಿತ್ತು. ನನಗೆ ಅಳು ಬಂತು, ಪರದೆಯಿಂದಲೇ ಒರೆಸಿಕೊಂಡೆ. ಊಟ ಮುಗಿಸಿ, ಕೈ ತೊಳೆದು, ಗಂಟೆಯನ್ನು ಮತ್ತೆ ಕೂರಿಸಿದರು. ಕಂಬಳಿಯ ಬಿಲ್ಲೆ ಸವೆದಿತ್ತು, ಹೊಸದು ಅಂಟಿಸಿದರು. ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಅಂಗಡಿಗೆ ಹೋದರು. ಅದನ್ನು ಏನು ಮಾಡುತ್ತಾರೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸಂಜೆ ಮಗಳು ಕಾರ್ಖಾನೆಯಿಂದ ಬಂದಾಗ ಬಿಸಿನೀರು ಬೇಕೇ ಎಂದು ಕೇಳಿದರು. ಬೇಡಪ್ಪ, ಕೆಮ್ಮು ಹೋಯಿತು ಎಂದಳು.

ಪಟ್ಟಿ ಬಂದದ್ದು ಅದಾದ ಒಂಬತ್ತನೆಯ ದಿನ, ಶನಿವಾರ ಹನ್ನೊಂದು ಗಂಟೆಗೆ. ಇಪ್ಪತ್ತಾರನೆಯ ಹೆಸರು ಇವಳದು. ನಾನು ಮೂರು ಸಲ ಓದಿಸಿಕೊಂಡೆ. ಅಪ್ಪನಿಗೆ ಫೋನಿನಲ್ಲಿ ಹೇಳುವುದು ಬೇಡ, ಈ ಸಲ ಬಾಯಲ್ಲೇ ಹೇಳುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡಳು. ಟೇಪು ಕೊರಳಲ್ಲಿರುವಂತೆಯೇ ನಾನು ಹಿಂದೆ ಓಡಿದೆ.

ಅಂಗಡಿಯಲ್ಲಿ ನಮ್ಮನೆಯವರು ಮಿಕ್ಸಿಯೊಂದರ ಹೊಟ್ಟೆ ಬಗೆದು ಕೂತಿದ್ದರು, ಔಷಧಿ ಅಂಗಡಿಯವರು ಪೇಪರು ಓದುತ್ತಿದ್ದರು. ಅಪ್ಪ, ಆಯ್ತು ಎಂದಳು. ಅಷ್ಟೇ. ಅವರು ಗ್ರೀಸು ಮೆತ್ತಿದ ಕೈಯಲ್ಲೇ ಅವಳ ತಲೆ ಹಿಡಿದುಕೊಂಡರು. ಔಷಧಿ ಅಂಗಡಿಯವರು ಪೇಪರು ಮಡಿಸಿ ನಕ್ಕರು.

"ಇನ್ನೇನು ಬಿಡಿ, ನಿಮ್ಮ ಗಂಟೆ ಪಾಸಾದ ಹಾಗೇ."

ನಮ್ಮನೆಯವರು ಮೇಲಿನ ಗೋಡೆ ತೋರಿಸಿದರು. ಮೂರು ವರ್ಷ ಬರಿದಾಗಿದ್ದ ಮೊಳೆಯ ಮೇಲೆ ಗಾಜು ಹಾಕಿಸಿದ ಒಂದು ಚೌಕಟ್ಟು. ಒಳಗೆ ಮಾನ್ಯ ಅರ್ಜಿದಾರರೇ ಎಂದು ಶುರುವಾಗುವ ಕಾಗದ.

"ಫೇಲಾಯ್ತು ಸ್ವಾಮಿ. ನನ್ನ ಮಗಳೇ ಮಾಡಿದ್ದು," ಎಂದರು. "ಓದಿ ನೋಡಿ. ಅಪ್ಪ ಅಂತ ಒಂದು ಅಂಶಾನೂ ಬಿಟ್ಟಿಲ್ಲ."

ಔಷಧಿ ಅಂಗಡಿಯವರು ಎದ್ದು ಹತ್ತಿರ ಹೋಗಿ ಓದತೊಡಗಿದರು. ಇವಳು ಹಣೆಗೆ ಗ್ರೀಸು ಮೆತ್ತಿಕೊಂಡು, ಕಣ್ಣು ಮೂಗೆಲ್ಲ ಸೋರಿಸಿಕೊಂಡು ಚೌಕಟ್ಟನ್ನೇ ನೋಡುತ್ತ ನಿಂತಿದ್ದಳು. ಮೂಗೊರೆಸಿಕೊಂಡು, ಎಡಗಡೆ ಒಂದು ನೂಲು ಕೆಳಗಿದೆಯಪ್ಪ ಎಂದಳು. ನಾನು ಕೊರಳಿನ ಟೇಪು ತೆಗೆದುಕೊಟ್ಟೆ.