ಅವ್ವನ ಬದನೆ ಮತ್ತು ಗೋವಾದ ಮಳೆ

ನಾನು ಚಿಕ್ಕವನಿದ್ದಾಗ ನನಗೆ ಕಪ್ಪೆ ಕಂಡರೆ ಆಗುತ್ತಿರಲಿಲ್ಲ, ಏಡಿ ಕಂಡರೆ ಆಗುತ್ತಿರಲಿಲ್ಲ, ಇರುವೆ ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು. ಇರುವೆ ಸಾಲು ಕಂಡರೆ ಕಾಲೆತ್ತಿ ದಾಟುವ ಈ ಅಜ್ಜ ಹಾಗಿದ್ದನೇ ಎಂದು ನಗಬೇಡಿ, ಮಕ್ಕಳೇ. ಸಿಟ್ಟು ನನಗೆ ಹುಟ್ಟಿನಿಂದಲೇ ಮೂಗಿನ ತುದಿಯಲ್ಲಿ ಕೂತಿದೆ. ಆಗ ಅದಕ್ಕೆ ತಕ್ಕ ಕಾರಣವೂ ಇತ್ತು.

ವಿಜಯಪುರದ ಕಡೆಯ ಹಳ್ಳಿಯಿಂದ ನಾವು ಗೋವಾದ ಉಸಗಾಂವಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪನಿಗೆ ಅಲ್ಲಿ ಗಣಿಯಲ್ಲಿ ಕೆಲಸ. ಸಂಜೆ ಮನೆಗೆ ಬಂದಾಗ ಅವನ ರೆಪ್ಪೆಯ ಮೇಲೂ ಕೆಂಪು ಧೂಳು ಕೂತಿರುತ್ತಿತ್ತು. ತಗಡಿನ ಮಾಡಿನ ಒಂದೇ ಕೋಣೆಯ ಮನೆ, ಮುಂದೆ ಒಂದಿಷ್ಟು ಕೆಂಪು ಮಣ್ಣಿನ ಅಂಗಳ. ಬಿಸಿಲು ನಮಗೆ ಹೊಸದಲ್ಲ. ಆದರೆ ಊರಲ್ಲಿ ಹಗಲೆಲ್ಲ ಸುಟ್ಟರೂ ಸಂಜೆ ಗಾಳಿ ಬೀಸಿ ಮೈ ಒಣಗುತ್ತಿತ್ತು. ಇಲ್ಲಿಯ ಸೆಕೆಗೆ ಹಗಲು ರಾತ್ರಿ ಎಂಬ ಭೇದವೇ ಇರಲಿಲ್ಲ. ಒಗೆದ ಬಟ್ಟೆ ಒಣಗದು, ಡಬ್ಬಿಯಲ್ಲಿಟ್ಟ ಉಪ್ಪು ಅಲ್ಲೇ ಕರಗುವುದು. ಊರಲ್ಲಿ ತಿಂಗಳುಗಟ್ಟಲೆ ಗರಿಗರಿಯಾಗಿ ಇರುತ್ತಿದ್ದ ಜೋಳದ ಕಟಕ ರೊಟ್ಟಿ ಇಲ್ಲಿ ಮೆತ್ತಗಾಗಿ ಬೂಸ್ಟು ಹಿಡಿಯುತ್ತಿತ್ತು. ಅವ್ವ ಅದನ್ನು ಎತ್ತಿ ಎಸೆಯುವಾಗ ಅವಳ ಕಣ್ಣಲ್ಲಿ ನೀರಿರುತ್ತಿತ್ತು.

ಮಳೆಗಾಲ ಬಂತೆಂದರೆ ಗಣಿ ನಿಲ್ಲುತ್ತಿತ್ತು. ನಮ್ಮ ಕಡೆಯ ಕೂಲಿಯವರು ಬಹಳ ಮಂದಿ ಒಂದು ಟ್ರಕ್ಕು ಹತ್ತಿ ಊರಿಗೆ ಹೋಗಿ, ಮಳೆ ಮುಗಿದ ಮೇಲೆ ಮರಳುತ್ತಿದ್ದರು. ಅಪ್ಪನಿಗೆ ಮಾತ್ರ ಆ ವರ್ಷ ಮಳೆಗಾಲದಲ್ಲೂ ಗಣಿಯ ಯಂತ್ರಗಳನ್ನು ಕಾಯುವ ಕೆಲಸ ಸಿಕ್ಕಿತ್ತು. ಅವನು ಊರಿಗೆ ಹೋಗುವಂತಿರಲಿಲ್ಲ. ಅವ್ವನಿಗೆ ಇಲ್ಲಿ ಒಂದು ದಿನವೂ ಮನಸ್ಸು ನಿಲ್ಲುತ್ತಿರಲಿಲ್ಲ. ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಬದನೆ ಬೀಜದ ಗಂಟನ್ನು ಅಪ್ಪನ ಮುಂದೆ ಹಿಡಿದು ಒಂದು ದಿನ ಹೇಳಿಯೇಬಿಟ್ಟಳು.

"ಇದು ನಮ್ಮವ್ವ ಕೊಟ್ಟ ಮುಳಗಾಯಿ ಬೀಜ. ಇದು ಈ ಮಣ್ಣಾಗ ಬೇರು ಬಿಟ್ರ ನಾನೂ ಇರ್ತೀನ್ರಿ. ಬಿಡಲಿಲ್ಲಂದ್ರ ಹುಡುಗರನ್ನ ಕರ್ಕೊಂಡು ಆ ಟ್ರಕ್ಕಿಗೆ ಹೋಗಾಕಿ. ಮತ್ತ ಕರೀಬ್ಯಾಡ್ರಿ."

ನಮ್ಮವ್ವ ಆಡಿದ ಮಾತು ತಪ್ಪುವವಳಲ್ಲ. ಬದನೆ ಬಂದರೆ ನಾವು ನಾಲ್ವರೂ ಒಂದೇ ಮನೆಯಲ್ಲಿ. ಬಾರದಿದ್ದರೆ ಅಪ್ಪ ಇಲ್ಲಿ, ಅವ್ವ, ಅಕ್ಕ, ನಾನು ಅಲ್ಲಿ. ಅಪ್ಪನನ್ನು ಬಿಟ್ಟು ಒಂದು ರಾತ್ರಿಯೂ ಮಲಗದ ಹುಡುಗ ನಾನು. ಆ ಗಂಟನ್ನು ನಾನು ದೇವರ ಪಟಕ್ಕಿಂತ ಹೆಚ್ಚು ಭಕ್ತಿಯಿಂದ ನೋಡುತ್ತಿದ್ದೆ.

ಅಪ್ಪ ಗುದ್ದಲಿ ಹಿಡಿದ. ನಮ್ಮೂರಲ್ಲಿ ಮಳೆ ಎಂದರೆ ಅಪರೂಪದ ಬೀಗರು. ಬಿದ್ದ ಹನಿ ಹೊಲ ಬಿಟ್ಟು ಹೋಗಬಾರದು ಎಂದು ನೆಲವನ್ನು ಗೇಣುದ್ದ ತಗ್ಗು ತೋಡಿ, ಸುತ್ತ ಬದು ಕಟ್ಟಿ ಮಡಿ ಮಾಡುತ್ತಿದ್ದೆವು. ಇಲ್ಲೂ ಅಪ್ಪ ಹಾಗೆಯೇ ಮಾಡಿದ. ಮಡಿಯ ಬದು ಎಷ್ಟು ಗಟ್ಟಿಯೆಂದರೆ ಮೇಲೆ ನಾನು ಕುಣಿದರೂ ಕುಸಿಯುತ್ತಿರಲಿಲ್ಲ. ತೋಡಿ ತೆಗೆದ ಮಣ್ಣನ್ನು ಬೇಲಿಯ ಪಕ್ಕ ಗುಡ್ಡೆ ಹಾಕಿದ. ಅವ್ವ ಬೀಜ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ, ಕೈಯಿಂದ ನೀರು ಚಿಮುಕಿಸಿದಳು.

ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಕೊಂಕಣಿ ಅಮ್ಮ ಇದ್ದರು. ಎಲ್ಲರೂ ಅವರನ್ನು ಮಾಯ್ ಎನ್ನುತ್ತಿದ್ದರು. ಅವರ ಅಂಗಳದಲ್ಲಿ ಮಡಿಯೇ ಇರಲಿಲ್ಲ, ಬರೀ ಮಣ್ಣಿನ ದಿಬ್ಬಗಳು. ದಿಬ್ಬದ ನೆತ್ತಿಯ ಮೇಲೆ ಬೆಂಡೆ, ಸೌತೆ ಊರಿದ್ದರು. ಅದನ್ನು ನೋಡಿ ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ದಿಬ್ಬದ ಮ್ಯಾಲ ನೀರು ಹೆಂಗ ನಿಂದರತೈತಿ? ಒಕ್ಕಲುತನ ಗೊತ್ತಿಲ್ಲ ನೋಡ ಇವರಿಗೆ." ಮಾಯ್ ಕೂಡ ನಮ್ಮ ಮಡಿ ನೋಡಲು ಬೇಲಿಯ ತನಕ ಬಂದರು. ಆಕಾಶ ತೋರಿಸಿ, ನಮ್ಮ ತಗ್ಗು ತೋರಿಸಿ, ತಲೆ ಅಲ್ಲಾಡಿಸಿ, "ಪಾವ್ಸ್ ಯೆತಾ, ಪಾವ್ಸ್!" ಎಂದರು. ಮಳೆ ಬರುತ್ತದೆ ಎಂಬುದು ಅವ್ವನಿಗೂ ತಿಳಿಯಿತು. "ಹೂಂನ್ರಿ, ಬರ್ಲಿ! ಮಳಿ ಹಿಡಿಯಾಕನ ಮಡಿ ಮಾಡೀವಿ" ಎಂದು ಖುಷಿಯಿಂದ ಕೈಮುಗಿದಳು. ಮಾಯ್ ಹಣೆ ಚಚ್ಚಿಕೊಂಡು ಒಳಗೆ ಹೋದರು.

ಮೊದಲ ಕಾಟ ಇರುವೆಗಳದ್ದು. ಬಿತ್ತಿದ ಮರುದಿನವೇ ಕೆಂಪು ಸಾಲೊಂದು ಮಡಿಗೆ ಇಳಿದು, ಒಂದೊಂದೇ ಬೀಜ ಕಚ್ಚಿಕೊಂಡು ಮೆರವಣಿಗೆ ಹೊರಟಿತು. ಅವ್ವ ಬೂದಿ ಹಾಕಿದಳು. ಬೂದಿ ದಾಟಿದವು. ಅರಿಶಿನ ಹಾಕಿದಳು. ಅರಿಶಿನ ಹಚ್ಚಿಕೊಂಡು ಮದುವೆಗೆ ಹೊರಟವರಂತೆ ಹೋದವು. ನಾನು ಸಾಲಿನ ಹಿಂದೆಯೇ ಕುಕ್ಕರಗಾಲಲ್ಲಿ ಹೋಗಿ ನೋಡಿದೆ. ಬೇಲಿಯ ಪಕ್ಕದ ಮಣ್ಣಿನ ಗುಡ್ಡೆಯಲ್ಲಿ ಅವುಗಳ ಗೂಡು. ನಾವು ಬೆವರು ಸುರಿಸಿ ತೋಡಿದ ಮಣ್ಣಿನಲ್ಲಿ ಮನೆ ಮಾಡಿ, ನಮ್ಮದೇ ಬೀಜ ಕದಿಯುತ್ತಿದ್ದವು! ಆದರೂ ಅವುಗಳ ಕಣ್ಣು ತಪ್ಪಿಸಿ ಉಳಿದ ಬೀಜ ಮಡಿಯಲ್ಲಿ ಮೊಳೆಯಿತು. ಎರಡೆಲೆಯ ಸಸಿಗಳು ಸಾಲಾಗಿ ತಲೆಯೆತ್ತಿದ ದಿನ ಅವ್ವ ಅಕ್ಕನಿಗೆ ಎರಡು ಜಡೆ ಹಾಕಿ ಹಾಡು ಹೇಳಿದಳು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ಅಪ್ಪನೂ ಮೀಸೆ ತಿರುವಿದ.

ಆಮೇಲೆ ಮಳೆ ಬಂತು. ನಾನು ಹೇಳಬೇಕಾದದ್ದು ಆ ಮಳೆ ಸ್ವಲ್ಪ ಬಿಡುವು ಕೊಟ್ಟ ದಿನದ ಕತೆ.

ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಹಗಲಿರುಳು ಸುರಿದಿತ್ತು. ಒಬ್ಬರ ಮಾತು ಒಬ್ಬರಿಗೆ ಕೇಳದೆ ಕೈಸನ್ನೆಯಲ್ಲೇ ಬದುಕಿದ್ದೆವು. ಆ ದಿನ ಬೆಳಿಗ್ಗೆ ಸದ್ದು ನಿಂತಾಗ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಬಾಗಿಲು ತೆರೆದರೆ ಅಂಗಳದಲ್ಲಿ ಮಡಿ ಇಲ್ಲ, ಪುಟ್ಟ ಕೆರೆ ಇದೆ. ಅಪ್ಪ ಕಟ್ಟಿದ ಬದು ಒಂದಿಷ್ಟೂ ಕದಲದೆ, ಒಂದು ಹನಿಯನ್ನೂ ಹೊರಗೆ ಬಿಡದೆ, ಚಹದ ಬಣ್ಣದ ನೀರನ್ನು ತುಂಬಿಕೊಂಡು ನಿಂತಿತ್ತು. ಬಾಗಿ ಕೈ ಹಾಕಿದೆ. ಸಸಿಗಳು ಕೊಳೆತ ದಾರದಂತೆ ಬೆರಳಿಗೆ ಅಂಟಿಕೊಂಡವು.

ಮಡಿಯ ನಡುವೆ ಅರಿಶಿನ ಮೆತ್ತಿದಂಥ ಹಳದಿ ಕಪ್ಪೆಗಳು ಕೂತಿದ್ದವು. ಅಷ್ಟು ದೊಡ್ಡ, ಅಷ್ಟು ಹಳದಿ ಕಪ್ಪೆಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬಿಸಿ, ನಮ್ಮ ಗೋಳು ಏನೂ ಅಲ್ಲವೆಂಬಂತೆ ಒಂದೇ ಸಮನೆ ವಟಗುಟ್ಟುತ್ತಿದ್ದವು. ನಾನು ಹೆಂಟೆ ಎತ್ತಿ ಎಸೆದೆ. ಕಪ್ಪೆ ಪಕ್ಕಕ್ಕೆ ಜಿಗಿದು ಮತ್ತೆ ಶುರು ಮಾಡಿತು. ಇನ್ನೊಂದು ಹೆಂಟೆಗೆ ಬಗ್ಗಿದರೆ ಬದುವಿನ ಬಿಲದಿಂದ ಏಡಿಯೊಂದು ಬಂದು ಕಾಲ್ಬೆರಳು ಹಿಡಿಯಿತು. ನಾನು ಕಿರುಚಿಕೊಂಡು ಕುಣಿಯುತ್ತಿರುವಾಗ ನೀರೊಳ್ಳೆ ಹಾವೊಂದು ತಲೆಯೆತ್ತಿ ಈಜುತ್ತ ಮಡಿಗೆ ಬಂತು, ಕಪ್ಪೆಗಳ ಮದುವೆಗೆ ಇದೊಬ್ಬ ಕರೆಯದ ಬೀಗ. ಅಕ್ಕ ಜಗಲಿ ಹತ್ತಿ ನಿಂತಳು.

ಅವ್ವ ಹಾವನ್ನೂ ನೋಡಲಿಲ್ಲ, ಕಪ್ಪೆಯನ್ನೂ ನೋಡಲಿಲ್ಲ. ಮಡಿಯನ್ನೇ ನೋಡುತ್ತ ನಿಂತಳು.

"ಇದೇನ್ ಊರ್ರಿ ಇದು?" ಎಂದಳು ಅಪ್ಪನಿಗೆ. "ನಮ್ಮೂರಾಗ ನೀರಿಲ್ದ ಸಾಯ್ತಾವು, ಇಲ್ಲಿ ನೀರಾಗ ಸಾಯ್ತಾವು. ಟ್ರಕ್ಕು ಸಂಜಿಕ ಹೊರಡತೈತಲ್ಲೇನು?"

"ಹೌದು" ಎಂದ ಅಪ್ಪ. "ಇನ್ನೊಮ್ಮಿ ಬಿತ್ತಿ ನೋಡೂಣಲ್ಲ."

"ಏನ್ ಬಿತ್ತತೀರಿ? ಗಂಟು ಖಾಲಿ ಐತಿ."

ಅವಳು ಒಳಗೆ ಹೋಗಿ ಟ್ರಂಕು ಎಳೆದಳು. ಸೀರೆ ಹೋಯಿತು, ನಮ್ಮ ಅಂಗಿ ಹೋದವು. ಆಮೇಲೆ ಒಲೆಯ ಮೇಲಿದ್ದ ರೊಟ್ಟಿ ಹಂಚನ್ನು ತೊಳೆದು, ಒರೆಸಿ, ಅದನ್ನೂ ಇಟ್ಟಳು. ಕಬ್ಬಿಣದ ಹಂಚು ಟ್ರಂಕಿನ ಅಂಚಿಗೆ ಬಡಿದು ಠಣ್ಣೆಂದಿತು. ಅಲ್ಲಿಯವರೆಗೆ ಅವ್ವ ಹೆದರಿಸುತ್ತಿದ್ದಾಳೆ ಎಂದುಕೊಂಡಿದ್ದೆ. ರೊಟ್ಟಿ ಹಂಚು ಬಿಟ್ಟು ನಮ್ಮ ಕಡೆಯ ಹೆಂಗಸು ಎಲ್ಲಿಯೂ ಬಾಳುವೆ ಮಾಡುವುದಿಲ್ಲ. ಹಂಚು ಹೊರಟಿತು ಎಂದರೆ ಮನೆಯೇ ಹೊರಟಿತು.

ಅಪ್ಪ ಬಾಗಿಲಲ್ಲಿ ಕೂತು ಬೀಡಿ ಹಚ್ಚಲು ನೋಡುತ್ತಿದ್ದ. ಕಡ್ಡಿಪೆಟ್ಟಿಗೆಗೆ ತಂಪು ಹಿಡಿದು ಕಡ್ಡಿ ಹೊತ್ತುತ್ತಿರಲಿಲ್ಲ. ಗೀರುತ್ತಲೇ ಇದ್ದ. ಅದನ್ನು ನೋಡಲಾಗದೆ ನಾನು ಹೊರಗೆ ಓಡಿದೆ. ಅಳು ಬರುತ್ತಿತ್ತು, ಅಳುವುದಕ್ಕಿಂತ ಏನನ್ನಾದರೂ ಹೊಡೆಯಬೇಕು ಅನ್ನಿಸುತ್ತಿತ್ತು. ಮಳೆಯನ್ನು ಹೊಡೆಯಲಾಗದು, ಕಪ್ಪೆ ಕೈಗೆ ಸಿಗದು, ಹಾವಿನ ಹತ್ತಿರ ಹೋಗಲು ಧೈರ್ಯವಿಲ್ಲ. ಉಳಿದದ್ದು ಇರುವೆ. ಮೊದಲ ಕಳ್ಳರು ಅವೇ. ಅರ್ಧ ಬೀಜ ಅವು ಕದಿಯದಿದ್ದರೆ ಗಂಟಿನಲ್ಲಿ ಇನ್ನಷ್ಟು ಉಳಿಯುತ್ತಿತ್ತಲ್ಲ ಎಂದು ನನ್ನ ತಲೆಯ ಲೆಕ್ಕ. ತಪ್ಪು ಲೆಕ್ಕವೇ, ಆದರೆ ಸಿಟ್ಟಿಗೆ ಬುದ್ಧಿ ಎಲ್ಲಿಯದು? ಗೋಡೆಗೆ ಒರಗಿಸಿದ್ದ ಸಲಿಕೆ ಎತ್ತಿಕೊಂಡು ಬೇಲಿಯ ಪಕ್ಕದ ಗುಡ್ಡೆಗೆ ನುಗ್ಗಿದೆ.

ಸಲಿಕೆ ನನಗಿಂತ ಎತ್ತರ. ಎರಡೂ ಕೈಯಿಂದ ತಲೆಯ ಮೇಲೆ ಎತ್ತಿದೆ.

"ತಡಿ! ತಡಿಯೋ!" ಜಗಲಿಯಿಂದ ಅಕ್ಕ ಹಾರಿ ಬಂದು ಸಲಿಕೆಯ ಹಿಡಿ ಹಿಡಿದಳು. "ಅಲ್ನೋಡು."

ಗುಡ್ಡೆಯ ನೆತ್ತಿಯಲ್ಲಿ ಇರುವೆಗಳು ಒದ್ದೆ ಮಣ್ಣಿನ ಕಣಗಳನ್ನು ಹೊತ್ತು ಹೊರಹಾಕುತ್ತಿದ್ದವು. ಅವುಗಳ ಸುತ್ತ, ಯಾರೋ ಮುಷ್ಟಿ ತುಂಬ ಚೆಲ್ಲಿದಂತೆ, ಪುಟ್ಟ ಸಸಿಗಳು ಒತ್ತೊತ್ತಾಗಿ ನಿಂತಿದ್ದವು. ಅಷ್ಟು ಮಳೆ ಸುರಿದರೂ ಗುಡ್ಡೆಯ ಮೇಲೆ ಒಂದು ಹನಿ ನಿಂತಿರಲಿಲ್ಲ, ಎಲ್ಲ ಜಾರಿ ಇಳಿದುಹೋಗಿತ್ತು.

ನಾವಿಬ್ಬರೂ ಕೂಗಿದೆವು. ಅವ್ವ ಬರಲಿಲ್ಲ. "ಕಸ ಇರ್ತೈತಿ, ಬಿಡ್ರಿ" ಎಂದಳು ಒಳಗಿನಿಂದ. ನಾನು ಹೋಗಿ ಅವಳ ಸೆರಗು ಹಿಡಿದು ಎಳೆದೆ. ಬೈಯುತ್ತಲೇ ಬಂದಳು. ಗುಡ್ಡೆಯ ಮುಂದೆ ಕುಕ್ಕರಿಸಿ, ಒಂದು ಎಲೆಯನ್ನು ಎರಡು ಬೆರಳ ನಡುವೆ ಹಿಡಿದು, ಅದರ ಬೆನ್ನಿನ ಸಣ್ಣ ತರಿ ಮುಟ್ಟಿ ನೋಡಿದಳು. ಕಾಂಡದ ನೇರಳೆ ನೆರಳು ನೋಡಿದಳು. ಎಲೆ ತಿಕ್ಕಿ ಮೂಗಿಗೆ ಹಿಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಯವ್ವಾ," ಎಂದಳು ಮೆಲ್ಲಗೆ. "ನಮ್ಮವ್ವನ ಮುಳಗಾಯಿ."

ಬೇಲಿಯಾಚೆ ಮಾಯ್ ತಮ್ಮ ದಿಬ್ಬದ ಕಳೆ ಕೀಳುತ್ತ ನಿಂತಿದ್ದರು. ಅವ್ವ ಅವರ ದಿಬ್ಬ ನೋಡಿದಳು, ನಮ್ಮ ಗುಡ್ಡೆ ನೋಡಿದಳು, ನೀರು ತುಂಬಿದ ಮಡಿ ನೋಡಿದಳು. ಮಾಯ್ ಕೈಯಿಂದ ಗಾಳಿಯಲ್ಲಿ ಒಂದು ದಿಬ್ಬ ಬರೆದು ನಕ್ಕರು. ಅವ್ವನಿಗೆ ನಗು ಬರಲಿಲ್ಲ. ಅವಳು ತಿರುಗಿ ಅಪ್ಪನ ಮೇಲೆ ರೇಗಿದಳು.

"ಏನ್ ಬಾಯಿ ತಕ್ಕೊಂಡ್ ನಿಂತೀರಿ? ಮತ್ತ ಮಳಿ ಬರಾಕತ್ತೈತಿ. ಗೋಣಿಚೀಲ ತರ್ರಿ, ಸಸಿ ಮ್ಯಾಲ ಹೊಚ್ಚರಿ. ಆ ಬದು ಒಡೀರಿ ಮೊದಲ!"

ಅಪ್ಪ ಅಷ್ಟು ಜೋರಾಗಿ ಓಡಿದ್ದನ್ನು ನಾನು ಮತ್ತೆ ಕಾಣಲಿಲ್ಲ. ಅವನು ಗುದ್ದಲಿ ಹಾಕಿದ ಕೂಡಲೇ ಮಡಿಯ ನೀರು ಗುಳುಗುಳು ಎಂದು ಹರಿದು ಓಣಿ ಸೇರಿತು. ಕಪ್ಪೆಗಳೂ ಅದರ ಜೊತೆ ಹೋದವು. ನಾವು ನಾಲ್ವರೂ ಸೇರಿ ಮಡಿಯ ಜಾಗದಲ್ಲಿ ದಿಬ್ಬ ಏರಿಸಿದೆವು. ಮಳೆ ಮತ್ತೆ ಹಿಡಿಯಿತು, ಮೈಯೆಲ್ಲ ಕೆಸರಾಯಿತು. ಟ್ರಕ್ಕು ಗಣಿಯ ಗೇಟಿನ ಹತ್ತಿರ ಹಾರ್ನು ಹೊಡೆಯಿತು. ಅವ್ವ ತಲೆಯೆತ್ತಿ ಒಮ್ಮೆ ಆ ಕಡೆ ನೋಡಿದಳು, ಮತ್ತೆ ಬಗ್ಗಿ ಮಣ್ಣು ಒತ್ತಿದಳು. ಎರಡನೆಯ ಹಾರ್ನು ಕೇಳಿದಾಗ ಅವಳು ಕೈ ತೊಳೆದು ಒಳಗೆ ಹೋದಳು. ನಾನು ಬಾಗಿಲ ಕಡೆಗೇ ಕಿವಿಗೊಟ್ಟೆ. ಟ್ರಂಕಿನ ಮುಚ್ಚಳ ಕಿರ್ರೆಂದಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಬಂತು. ಅಪ್ಪ ಗುದ್ದಲಿಯ ಮೇಲೆ ಗಲ್ಲ ಊರಿ ಆ ಸದ್ದು ಕೇಳುತ್ತ ಮಳೆಯಲ್ಲೇ ನಿಂತುಬಿಟ್ಟ.

ಮಕ್ಕಳೇ, ನಿಮಗೆ ದಾಬೋಲಿಮ್‌ನ ಈ ಮೂರನೆಯ ಮಾಳಿಗೆಯ ಮನೆಯಲ್ಲಿ ಅಂಗಳವಿಲ್ಲ, ಬಾಲ್ಕನಿ ಇದೆ. ತಲೆಯ ಮೇಲೆ ವಿಮಾನ ಹೋದರೆ ಬದನೆ ಕುಂಡ ಅದುರುತ್ತದೆ. ಕೆಳಗಿನ ಮನೆಯವರ ಬಟ್ಟೆಯ ಮೇಲೆ ನೀರು ತೊಟ್ಟಿಕ್ಕುತ್ತದೆ ಎಂದು ನೀವು ಕುಂಡದ ತೂತಿಗೆ ಸಿಮೆಂಟು ಮೆತ್ತಿದ್ದೀರಿ. ಸಸಿ ಕೊಳೆತರೆ "ಅಜ್ಜಾ, ಬೀಜನ ಸರಿ ಇಲ್ಲ" ಎನ್ನುತ್ತೀರಿ. ಇರುವೆ ಕಂಡರೆ ಸ್ಪ್ರೇ ಡಬ್ಬಿ ಹುಡುಕುತ್ತೀರಿ. ನನಗೆ ರೇಗದೆ ಇನ್ನೇನಾಗಬೇಕು? ನಿನ್ನೆ ನಾನು ಮೊಳೆ ಹೊಡೆದು ಆ ತೂತು ಬಿಡಿಸಿದ್ದೇನೆ. ಕೆಳಗಿನ ಮನೆಯವರು ಬೈದರೆ ಬೈಯಲಿ, ಬೈಸಿಕೊಳ್ಳಲು ನಾನಿದ್ದೇನೆ.

ಯಾವೂರು ನಿಮ್ಮದು ಎಂದು ಯಾರಾದರೂ ಕೇಳಿದರೆ ನೀವು ಯೋಚಿಸದೆ ಗೋವಾ ಎನ್ನುತ್ತೀರಿ. ನಮ್ಮವ್ವನ ಬಾಯಲ್ಲಿ ಆ ಮಾತು ಕಡೆಯವರೆಗೂ ಬರಲಿಲ್ಲ. ಕೇಳಿದವರಿಗೆಲ್ಲ ವಿಜಯಪುರದ ಕಡೆಯ ತನ್ನ ಹಳ್ಳಿಯ ಹೆಸರನ್ನೇ ಹೇಳುತ್ತಿದ್ದಳು. ಮಳೆಯನ್ನು ಬೈಯುವುದನ್ನೂ ಬಿಡಲಿಲ್ಲ. ಆದರೆ ಹಂಚು ಮಾತ್ರ ಮತ್ತೆ ಟ್ರಂಕಿಗೆ ಹೋಗಲಿಲ್ಲ. ಇವತ್ತು ಬೆಳಿಗ್ಗೆ ನೀವು ಬದನೆ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿ, ಮುಖ ಗಂಟಿಕ್ಕಿಕೊಂಡು ತಿಂದಿರಲ್ಲ ರೊಟ್ಟಿ, ಅದು ಬೆಂದದ್ದು ಆ ಹಂಚಿನ ಮೇಲೆಯೇ.