ಗಜಾನನ ಮಾಸ್ಟರರ ಎಡಬಲ

ಮಂಗಲಾ ಗಜಾನನ ಮಾಸ್ಟರರನ್ನು ಮೊದಲು ನೋಡಿದ್ದು ೧೯೯೯ರ ಜೂನ್‌ನಲ್ಲಿ, ಡ್ಯಾನ್ಸ್ ಕ್ಲಾಸಿಗೆ ಸೇರಲು ಕುಮಟಾದ ಎಣ್ಣೆಗಿರಣಿಯ ಮಾಳಿಗೆ ಹತ್ತಿದಾಗ. ಬಿಳಿ ಬೂಟು, ಹಣೆಗೆ ಕರಿ ಪಟ್ಟಿ. ಕೊಬ್ಬರಿ ಹಿಂಡಿಯ ವಾಸನೆಯಲ್ಲಿ ಒಬ್ಬರೇ ಬ್ರೇಕ್ ಡ್ಯಾನ್ಸ್ ಮಾಡುತ್ತಿದ್ದರು. ಚಹಾ ಕುಡಿಯುವಾಗಲೂ ಅವರ ಭುಜ ಕುಣಿಯುತ್ತಿತ್ತು. ಯಾರಾದರೂ ತಾಳ ತಪ್ಪಿದರೆ, "ಎಂತ ಮಾರಾಯ್ತಿ, ಗದ್ದೆ ತುಳೀತೀಯಾ?" ಎನ್ನುವರು. ಅವರದು ಟೀವಿಯೆದುರು ನಿಂತು ಕಲಿತ ವಿದ್ಯೆ. ಕನ್ನಡಿಯಲ್ಲಿ ಕಂಡಂತೆ ಬಲವೆಲ್ಲ ಎಡವಾಗಿತ್ತು. ಮಕ್ಕಳಿಗೆ ಬೆನ್ನು ಹಾಕಿ ನಿಂತು ಅದನ್ನೇ ಕಲಿಸಿದರು. ಊರೆಲ್ಲ ಹಾಗೆಯೇ ಕುಣಿದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಹುಬ್ಬಳ್ಳಿಯ ಡ್ಯಾನ್ಸ್ ತಂಡವೊಂದಕ್ಕೆ ಸೇರಬೇಕೆಂದು ಮಂಗಲಾ ಮನೆಯವರೊಡನೆ ಜಗಳವಾಡಿ ಆಯ್ಕೆಗೆ ಹೋದಳು. ಸಾಲಿಗೆ ಸಾಲೇ ಬಲಕ್ಕೆ ತಿರುಗಿದಾಗ ಇವಳೊಬ್ಬಳು ಎಡಕ್ಕೆ ತಿರುಗಿ ಪಕ್ಕದವಳಿಗೆ ಡಿಕ್ಕಿ ಹೊಡೆದಳು. ಅಲ್ಲಿಗೆ ಎಲ್ಲ ಮುಗಿಯಿತು. ಮರಳಿ ಬಂದು ಹೇಳಿದಾಗ ಮಾಸ್ಟರ್ ಬೂಟಿನ ಲಾಡಿ ಬಿಗಿಯುತ್ತಲೇ, "ಕ್ಲಾಸ್ ಶುರು ಮಾಡೂಕೆ ಮೊದಲು ನನ್ನನ್ನೂ ಮುಂಬೈಲಿ ಒಂದು ತಂಡದಿಂದ ಇದಕ್ಕೇ ಹೊರಗೆ ಹಾಕಿದ್ರು" ಎಂದರು. "ಗೊತ್ತಿದ್ದೂ ಎಂತಕ್ಕೆ ಹಾಗೇ ಕಲಿಸಿದ್ರಿ ಸರ್?" ಎಂದಳು ಮಂಗಲಾ. "ತಿದ್ದೂಕೆ ಹೋದ್ರೆ ನಾನೂ ನಿಮ್ಮ ಸಾಲಲ್ಲಿ ನಿಂತು ಮೊದಲಿಂದ ಕಲೀಬೇಕಾಗ್ತಿತ್ತು ಮಾರಾಯ್ತಿ. ಮತ್ತೆ ನನ್ನ ಯಾರು ಮಾಸ್ಟರ್ ಅಂತಿದ್ರು?" ಮಂಗಲಾ ಆ ಮಾಳಿಗೆಯನ್ನು ಮತ್ತೆ ಹತ್ತಲಿಲ್ಲ. ಗಜಾನನ ಮಾಸ್ಟರ್ ಈಗ ಹೊನ್ನಾವರದಲ್ಲಿ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಸಣ್ಣ ಮಕ್ಕಳಿಗೆ ಡ್ಯಾನ್ಸ್ ಕಲಿಸುತ್ತಾರೆ.