ಸೀನಪ್ಪಣ್ಣ ಬಾಯಿಪಾಠ ಮಾಡಿದ ನಾಟಕ

ಸೀನಪ್ಪಣ್ಣನಿಗೆ ಒಂದೇ ಮಾತನ್ನು ಎರಡು ಸಲ ಒಂದೇ ಥರ ಹೇಳಲು ಬಾರದು. ಕತಾರಿನ ದುಖಾನ್‌ನಲ್ಲಿ ಕ್ರೇನ್ ನಡೆಸುವ ಈ ಮನುಷ್ಯ ಊರಲ್ಲಿ ತಾಳಮದ್ದಳೆಯ ಅರ್ಥಧಾರಿಯಾಗಿದ್ದವರು. ಅಲ್ಲಿ ಬರೆದಿಟ್ಟ ಮಾತೇ ಇಲ್ಲ. ಎದುರಿನವರು ಕೇಳಿದ್ದಕ್ಕೆ ಆ ಕ್ಷಣಕ್ಕೆ ಹುಟ್ಟಿದ್ದೇ ಉತ್ತರ. ನಮ್ಮ ದೋಹಾದ ಕನ್ನಡ ಬಳಗದ ನಾಟಕದಲ್ಲಿ ಅವರು ನನ್ನ ಅಪ್ಪ. ಈಗಿನ ಐರಿಷ್ ನಾಟಕವೊಂದನ್ನು ಕನ್ನಡಕ್ಕೆ ತಂದಿದ್ದೆವು: ಮರೆವು ಹಿಡಿದ ಮುದುಕ, ತೀರಿಹೋದ ಹೆಂಡತಿಗಾಗಿ ಕಾಯುತ್ತಾನೆ, ಮಗಳು ನಿಜ ಹೇಳಬೇಕು. ತಾಲೀಮಿನಲ್ಲಿ ಸೀನಪ್ಪಣ್ಣ ದಿನಕ್ಕೊಂದು ಮಾತು ಹೊಸೆಯುವರು. ನನ್ನ ಸರದಿ ಯಾವಾಗ ಬಂತೆಂದು ತಿಳಿಯದೆ ನನ್ನ ತಲೆ ಕೆಟ್ಟುಹೋಗುತ್ತಿತ್ತು.

ವೆಸ್ಟ್ ಬೇಯ ಆಫೀಸಿನಿಂದ ಟೈ ಕೂಡ ಬಿಚ್ಚದೆ ಓಡಿಬರುವ ನಿರ್ದೇಶಕ ಲ್ಯಾನ್ಸ್‌ಲಾಟ್ ಕೊನೆಗೆ ಸಿಡುಕಿದರು.

"ಈ ಲೇಖಕ ಅಜ್ಜಿಯ ಕಥೆ ಕೇಳಿ ಬೆಳೆದವ. ಒಂದೊಂದು ಮಾತಲ್ಲೂ ಆ ಅಜ್ಜಿ ಇದ್ದಾರೆ. ನೀವು ಬದಲಾಯಿಸ್ಲಿಕ್ಕಿಲ್ಲ ಸೀನಪ್ಪಣ್ಣ."

"ಆ ಅಜ್ಜಿ ದಿನಾ ಒಂದೇ ಹಾಗೆ ಹೇಳ್ತಿದ್ರಂತಾ?"

"ಸ್ಟೇಜಲ್ಲಿ ಒಂದು ಮಾತು ಹೆಚ್ಚಾದ್ರೂ ಮುಂದಿನ ಅಲ್ ಖೋರ್ ಶೋಗೆ ಬೇರೆ ಅಪ್ಪ. ಖಲಾಸ್."

ಸೀನಪ್ಪಣ್ಣನ ಮುಖ ಸಣ್ಣದಾಯಿತು. ಗಲ್ಫಿಗೆ ಬಂದ ಮೇಲೆ ಅವರಿಗೆ ಸಿಕ್ಕಿದ ಮೊದಲ ಪಾತ್ರ ಅದು. ಅಂದಿನಿಂದ ತಾಲೀಮಿಗೆ ಬಂದುಹೋಗುವ ದುಖಾನ್ ದಾರಿಯುದ್ದಕ್ಕೂ ಹೆಂಡತಿ ಪೂವಕ್ಕ ಪುಸ್ತಕ ಹಿಡಿದು ಓದುವುದು, ಸ್ಟಿಯರಿಂಗ್ ಹಿಡಿದ ಇವರು ಒಪ್ಪಿಸುವುದು.

ನಾಟಕದ ದಿನ ಅವರು ಅಕ್ಷರ ತಪ್ಪಲಿಲ್ಲ. ತಪ್ಪಿದ್ದು ನಾನು. "ಅವಳು ಇನ್ನೂ ಯಾಕೆ ಬರಲಿಲ್ಲ?" ಎಂದು ಅಪ್ಪ ಕೇಳಿದಾಗ, ಇಡೀ ನಾಟಕಕ್ಕೆ ಆಧಾರವಾದ ಆ ಉತ್ತರವೇ ಮರೆತುಹೋಗಿತ್ತು. ಪರದೆಯ ಬದಿಯಲ್ಲಿ ಲ್ಯಾನ್ಸ್‌ಲಾಟ್ ತಲೆ ಹಿಡಿದುಕೊಂಡರು.

ಸೀನಪ್ಪಣ್ಣ ಒಮ್ಮೆ ಅವರತ್ತ ನೋಡಿ, ನನ್ನ ಕೈ ಹಿಡಿದರು.

"ಗುಡ್ಡದ ಮೇಲೆ ಒಂದು ಚರ್ಚು ಇತ್ತಲ್ಲ ಮಗಳೇ? ಅದರ ಹಿಂದೆ ನಾವಿಬ್ಬರೂ ಯಾರನ್ನೋ ಮಲಗಿಸಿ ಬಂದೆವು. ಯಾರನ್ನು?"

ಪುಸ್ತಕದಲ್ಲಿಲ್ಲದ ಮಾತು. ಎದುರಿನವರು ತಡವರಿಸಿದರೆ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟುಕೊಡುವುದು ಒಳ್ಳೆಯ ಅರ್ಥಧಾರಿಗಳ ರೂಢಿ. ತಮ್ಮ ಪಾತ್ರ ಕೈತಪ್ಪಿ ಹೋಗುತ್ತದೆಂದು ಗೊತ್ತಿದ್ದೂ ಕೊಟ್ಟರಲ್ಲ, ಎಂಥ ದೊಡ್ಡ ಮನುಷ್ಯ!

"ಅಮ್ಮನನ್ನು, ಅಪ್ಪಾ," ಎಂದೆ. ನನಗೆ ನಿಜಕ್ಕೂ ಅಳು ಬಂದಿತ್ತು.

ಪರದೆ ಬಿದ್ದ ಮೇಲೆ ಸೀನಪ್ಪಣ್ಣ ತಾವಾಗಿಯೇ ಮುದುಕನ ಕೋಟು ಬಿಚ್ಚಿ ಲ್ಯಾನ್ಸ್‌ಲಾಟರ ಕೈಗಿತ್ತರು. "ಮಾತು ಹೆಚ್ಚಾಯ್ತು. ಬೇರೆ ಅಪ್ಪನನ್ನು ನೋಡಿ."

ಲ್ಯಾನ್ಸ್‌ಲಾಟ್ ಕೋಟನ್ನು ಅವರಿಗೇ ತೊಡಿಸಿದರು. "ಅಲ್ ಖೋರಲ್ಲೂ ಅದನ್ನೇ ಹೇಳಿ, ಆಯ್ತಾ?"

"ಎಂತ ಹೇಳಿದೆ ಅಂತ ನೆನಪಿದ್ರೆ ಅಲ್ವಾ ಮಾರಾಯ್ರೇ!"

ಪೂವಕ್ಕ ಪುಸ್ತಕ ತೆರೆದು, ಪೆನ್ನು ಹಿಡಿದು ನನ್ನತ್ತ ತಿರುಗಿದರು. "ನೀನು ಹೇಳು ಭಾನುಮತಿ. ದಾರಿಯಲ್ಲಿ ನಾನು ಇವರಿಗೆ ಓದಿ ಹೇಳ್ತೇನೆ."

ಒಂದಕ್ಷರ ಬಿಡದೆ ಹೇಳಿದೆ.